ಇಂಗ್ಲೆಂಡಿನಿಂದ 1953ರ ಬಿಎಸ್‌ಎ ಬಿ31 ತರಿಸಿಕೊಳ್ಳುವುದು: ಅನುಭವ ಇರುವವರು ದಾರಿ ತೋರಿಸಬೇಕು

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ.

ಶಿರಸಿಯಿಂದ ಕುಮಟೆಗೆ ಹೋಗುವ ದಾರಿಯಲ್ಲಿ, ದೇವಿಮನೆ ಘಟ್ಟ ಸಿಗುವುದಕ್ಕೆ ಮೊದಲೇ ಒಳಗೆ ತಿರುಗಿದರೆ ಸಿಗುವ ಹಳ್ಳಿ ನಮ್ಮದು. ಅಡಿಕೆ ತೋಟವೇ ಜೀವನ. ನಮ್ಮ ಅಜ್ಜನ ಹತ್ತಿರ ಇಂಗ್ಲೆಂಡಿನ ಬಿಎಸ್‌ಎ ಕಂಪನಿಯ ಒಂದು ಬಿ31 ಮೋಟಾರ್ ಸೈಕಲ್ ಇತ್ತು. ಬೆಳಿಗ್ಗೆ ಆಸರಿ ಕುಡಿದು ಘಟ್ಟ ಇಳಿದರೆ ಕುಮಟೆಯ ಕೆಲಸ ಮುಗಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಿದ್ದರಂತೆ. ತೋಟಕ್ಕೆ ಪಂಪ್‌ಸೆಟ್ ಹಾಕಿಸಿದ ವರ್ಷ ಅದನ್ನು ಮಾರಿದರು. ನಾನು ಅದನ್ನು ಕಣ್ಣಾರೆ ನೋಡಿದವನಲ್ಲ. ಈಗ ಮನೆಯಲ್ಲಿ ಉಳಿದಿರುವುದು ಅಂಗಳದಲ್ಲಿ ಗಾಡಿಯ ಪಕ್ಕ ಅಜ್ಜ ನಿಂತಿರುವ ಒಂದು ಪಟ, ಮತ್ತು ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟ ಆರು ಪಾನಾಗಳು. ಇವತ್ತಿನ ಯಾವ ನಟ್ಟಿಗೂ ಆ ಪಾನಾಗಳು ಸರಿಯಾಗಿ ಕೂರುವುದಿಲ್ಲ.

ಮೂರು ವರ್ಷಗಳಿಂದ ನಾನು ಅದೇ ಮಾದರಿಯ ಗಾಡಿಯನ್ನು ಹುಡುಕುತ್ತಿದ್ದೇನೆ. ಹಳೆಯ ಗಾಡಿಗಳ ಮೇಲಿನ ಪ್ರೀತಿಯಿಂದಲೇ ಪರಿಚಯವಾದ, ಮೂಲತಃ ಹೊನ್ನಾವರದವರಾಗಿದ್ದು ಈಗ ಇಂಗ್ಲೆಂಡಿನಲ್ಲಿ ನೆಲೆಸಿರುವ ಸ್ನೇಹಿತರೊಬ್ಬರು, ಅಲ್ಲಿ 1953ರ ಪ್ಲಂಜರ್ ಫ್ರೇಮಿನ (ಹಿಂದಿನ ಚಕ್ರದ ಎರಡೂ ಬದಿ ಸ್ಪ್ರಿಂಗ್ ಇರುವ) ಒಂದು ಬಿ31 ಮಾರಾಟಕ್ಕಿದೆ ಎಂದು ತಿಳಿಸಿದ್ದಾರೆ. ಮಾಲೀಕರು ಎಂಬತ್ತು ದಾಟಿದ ಹಿರಿಯರು. ಗಾಡಿ ದಶಕಗಳಿಂದ ಅವರ ಬಳಿಯೇ ಇದೆ. ಅಲ್ಲಿನ ನೋಂದಣಿ ಪುಸ್ತಕ, ಅಂದರೆ ಅವರು ವಿ5ಸಿ ಎನ್ನುವ ಕಾಗದ, ಅವರ ಹೆಸರಿನಲ್ಲೇ ಇದೆಯಂತೆ. ಗಾಡಿಯನ್ನು ನೋಡಿ ಬರಲು, ಪೆಟ್ಟಿಗೆ ಕಟ್ಟಿಸಿ ಹಡಗಿಗೆ ಹಾಕಿಸಲು ಈ ಸ್ನೇಹಿತರು ಸಿದ್ಧರಿದ್ದಾರೆ, ಅದಕ್ಕೆ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿದ್ದಾರೆ. ಅವರ ಮೇಲೆ ನನಗೆ ಪೂರ್ಣ ನಂಬಿಕೆ ಇದೆ. ಆದರೆ ಯಾವ ಕೆಲಸವನ್ನು ಅವರಿಗೆ ಒಪ್ಪಿಸಬೇಕು, ಯಾವುದನ್ನು ನಾನೇ ನೋಡಿಕೊಳ್ಳಬೇಕು ಎಂಬುದು ನನಗೆ ಸ್ಪಷ್ಟವಾಗಿಲ್ಲ.

ಹುಬ್ಬಳ್ಳಿಯ ಒಬ್ಬ ಪರಿಚಿತರು, 1950ಕ್ಕಿಂತ ಮೊದಲು ತಯಾರಾದ ಗಾಡಿಗಳನ್ನು ಮಾತ್ರ ತರಿಸಬಹುದು, 1953ರದ್ದು ಬಂದರಿನಲ್ಲೇ ಉಳಿಯುತ್ತದೆ ಎಂದು ಹೆದರಿಸಿದ್ದಾರೆ. ಇನ್ನೊಬ್ಬರು 50 ವರ್ಷ ದಾಟಿದ್ದರೆ ಸಾಕು ಎನ್ನುತ್ತಾರೆ. ಯಾವುದು ಸರಿ? ಬಂದ ಮೇಲೆ ಶಿರಸಿಯ ಆರ್‌ಟಿಓ ಕಚೇರಿಯಲ್ಲಿ ನೋಂದಣಿ ಸಾಧ್ಯವೇ? ಹಣವನ್ನು ಯಾರಿಗೆ, ಯಾವ ಹಂತದಲ್ಲಿ ಕೊಡಬೇಕು? ಸುಂಕದ ಲೆಕ್ಕ ಅಂದಾಜಿಗಾದರೂ ಗೊತ್ತಾದರೆ, ಈ ವರ್ಷದ ಅಡಿಕೆ ಮಾರಿದ ಹಣದಲ್ಲಿ ಇದು ಆಗುವ ಕೆಲಸವೇ ಅಲ್ಲವೇ ಎಂದು ಮನೆಯವರೊಂದಿಗೆ ಕೂತು ಮಾತನಾಡಬಹುದು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಕಾಳಿ ದಂಡೆ, ಕಾರವಾರ

ತೋಟದಮನೆಯವರೇ, ನಿಮ್ಮ ಪತ್ರ ಓದಿ ಸಂತೋಷವಾಯಿತು. 2016ರಲ್ಲಿ ನಾನು ಇಂಗ್ಲೆಂಡಿನಿಂದ 1947ರ ಮ್ಯಾಚ್‌ಲೆಸ್ ಜಿ3ಎಲ್ ಒಂದನ್ನು ತರಿಸಿಕೊಂಡಿದ್ದೇನೆ. ಅಂದು ನನಗೆ ಯಾರೂ ಹೇಳದೆ ಇದ್ದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕಾನೂನಿನ ಮಾತು. ಹುಬ್ಬಳ್ಳಿಯವರು ಹೇಳಿದ್ದು ಹಿಂದಿನ ನಿಯಮ. ಆಗ 1950ರ ಜನವರಿ 1ಕ್ಕೆ ಮುನ್ನ ತಯಾರಾದ ಗಾಡಿಗಳನ್ನು ಮಾತ್ರ ಪರವಾನಗಿ ಇಲ್ಲದೆ ತರಿಸಬಹುದಾಗಿತ್ತು. ನನ್ನ ಮ್ಯಾಚ್‌ಲೆಸ್ ಬಂದದ್ದು ಆ ಬಾಗಿಲಿನಿಂದಲೇ. 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಇದನ್ನು ಬದಲಿಸಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ ಬಾಗಿಲು ತೆರೆಯಿತು. ಹಾಗಾಗಿ 1953ರ ಬಿ31ಕ್ಕೆ ಅಡ್ಡಿಯಿಲ್ಲ. ಆದರೆ ಲೆಕ್ಕ ಶುರುವಾಗುವುದು ಮೊದಲ ನೋಂದಣಿಯ ದಿನದಿಂದ ಎಂಬುದನ್ನು ಗಮನಿಸಬೇಕು. ಕಾರ್ಖಾನೆಯಿಂದ ಹೊರಬಿದ್ದ ವರ್ಷ ಇಲ್ಲಿ ಸಾಲದು. ವಿ5ಸಿಯಲ್ಲಿ ಆ ದಿನಾಂಕ ಸ್ಪಷ್ಟವಾಗಿ ಇದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿಸಿ. ಬೇರೆ ದೇಶಕ್ಕೆ ಹೋಗಿ ಮತ್ತೆ ಇಂಗ್ಲೆಂಡಿಗೆ ಮರಳಿದ ಗಾಡಿಗಳಲ್ಲಿ, ಅಲ್ಲಿ ಮರುನೋಂದಣಿಯಾದ ಇತ್ತೀಚಿನ ದಿನಾಂಕವೂ ಕಾಗದದಲ್ಲಿ ಇರುತ್ತದೆ; ಅದನ್ನು ನೋಡಿದ ಅಧಿಕಾರಿ ಪ್ರಶ್ನೆ ಕೇಳಿದರೆ ತಪ್ಪು ಅವರದಲ್ಲ.

ಇನ್ನು ನೋಂದಣಿ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೇ ಬೇರೆ ವ್ಯವಸ್ಥೆ ಮಾಡಿದ್ದಾರೆ. 50 ವರ್ಷ ದಾಟಿದ, ಚಾಸಿಯನ್ನಾಗಲಿ ಇಂಜಿನ್ನನ್ನಾಗಲಿ ಮೂಲ ರೂಪದಿಂದ ಬದಲಿಸದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳು ಇದರಲ್ಲಿ ಬರುತ್ತವೆ. ಫಾರ್ಮ್ 20ರಲ್ಲಿ ಅರ್ಜಿ ಹಾಕಬೇಕು. ಜೊತೆಗೆ ವಿಮೆ, ಮತ್ತು ಆಮದಾದ ಗಾಡಿಯಾದರೆ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ವಿವರ ಬರೆದು ಕಸ್ಟಮ್ಸ್‌ಗೆ ಸಲ್ಲಿಸಿದ ಕಾಗದ, ಇರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಸಂಖ್ಯಾಫಲಕದಲ್ಲಿ ಕೆಎ ಆದ ಮೇಲೆ ವಿಎ ಎಂಬ ಎರಡು ಅಕ್ಷರ ಬರುತ್ತವೆ. ಶಿರಸಿಯ ಕೆಎ 31 ಎಂಬ ಸಂಖ್ಯೆ ನಿಮಗೆ ಸಿಗುವುದಿಲ್ಲ.

ಇಲ್ಲಿ ನೀವು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದ ಒಂದು ವಿಷಯವಿದೆ. ಹೀಗೆ ನೋಂದಣಿಯಾದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ತುಂಬಿಸಲು ಮತ್ತು ದುರಸ್ತಿಗೆ ಹೋಗಿಬರಲು ಮಾತ್ರ ರಸ್ತೆಗಿಳಿಸಬಹುದು. ಅಜ್ಜನಂತೆ ಕುಮಟೆಗೆ ಹೋಗಿ ಊಟಕ್ಕೆ ಮನೆಗೆ ಬರುವುದು ಈ ಕಾಗದದ ಮೇಲೆ ಆಗುವುದಿಲ್ಲ. ಮನೆಯವರೊಂದಿಗೆ ಮಾತನಾಡುವಾಗ ಇದನ್ನೂ ಮರೆಯದೆ ಹೇಳಿ.

ಸುಂಕದ ಬಗ್ಗೆ ಕೇಳಿದ್ದೀರಿ. ಬಳಸಿದ ಇಡೀ ಮೋಟಾರ್ ಸೈಕಲ್ ತರಿಸಿದರೆ ಒಟ್ಟು ಸುಂಕ ಗಾಡಿಯ ಬೆಲೆಯನ್ನೇ ಮೀರುತ್ತದೆ ಎಂದು ಈಗಲೇ ತಿಳಿದಿರಿ. ಅದೂ ಗಾಡಿಗೆ ಕೊಟ್ಟ ಬೆಲೆಯೊಂದರ ಮೇಲಲ್ಲ. ಬೆಲೆ, ಹಡಗಿನ ಬಾಡಿಗೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಸೀಮಾಶುಲ್ಕ, ಅದನ್ನೂ ಕೂಡಿಸಿಕೊಂಡ ಮೊತ್ತದ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ. ಈ ವಿಷಯದಲ್ಲಿ ನಿಮ್ಮ ಆಯ್ಕೆಗೆ ಒಂದು ಅನುಕೂಲವಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಮೋಟಾರ್ ಸೈಕಲ್‌ಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 40. ಬಿ31 ಇಂಜಿನ್ 348 ಸಿಸಿ. ಇದರ ಅಣ್ಣನಂತಿರುವ ಬಿ33 499 ಸಿಸಿ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಪ್ರತಿಯೊಂದು ಕಾಗದದಲ್ಲೂ 348 ಎಂದೇ ಬರೆಸಿ. ಆ ದಿನದ ದರವನ್ನು ಬಂದರಿನಲ್ಲಿ ಸರಕು ಬಿಡಿಸಿಕೊಡುವ ಮುಂಬೈಯ ಕ್ಲಿಯರಿಂಗ್ ಏಜೆಂಟರಿಂದ ಲಿಖಿತವಾಗಿ ಪಡೆದ ಮೇಲೆಯೇ ಮಾಲೀಕರಿಗೆ ಒಪ್ಪಿಗೆ ಕೊಡಿ.

ಈಗ ನನ್ನ ಪಾಠ. ನನಗೆ ಸಹಾಯ ಮಾಡಿದ ಅಲ್ಲಿಯ ಸ್ನೇಹಿತರು ಬಹಳ ಒಳ್ಳೆಯವರು. ಪೆಟ್ಟಿಗೆ ಮುಚ್ಚುವ ದಿನ, ನನಗೆ ಅನಿರೀಕ್ಷಿತ ಉಡುಗೊರೆಯಾಗಲಿ ಎಂದು ಎರಡು ಟೈರುಗಳನ್ನೂ ಒಂದು ಆಮಲ್ ಕಾರ್ಬ್ಯುರೇಟರನ್ನೂ ಹಳೆಯ ಕಂಬಳಿಯಲ್ಲಿ ಸುತ್ತಿ ಗಾಡಿಯ ಪಕ್ಕ ಇಟ್ಟುಬಿಟ್ಟರು. ಪ್ಯಾಕಿಂಗ್ ಲಿಸ್ಟಿನಲ್ಲಿ ಅವು ಇರಲಿಲ್ಲ. ಮುಂಬೈಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಲಿಸ್ಟಿಗೂ ಒಳಗಿದ್ದದ್ದಕ್ಕೂ ತಾಳೆಯಾಗಲಿಲ್ಲ. ಉಡುಗೊರೆ ಎಂದು ನಾನು ಹೇಳಿದರೆ ಅಧಿಕಾರಿಗಳು ನಂಬಲೇಬೇಕೆಂದು ಇಲ್ಲವಲ್ಲ. ವಿವರಣೆ, ತಿದ್ದುಪಡಿ, ದಂಡ ಎಲ್ಲ ಮುಗಿಯುವ ಹೊತ್ತಿಗೆ ಐದು ವಾರವಾಯಿತು. ಅಷ್ಟು ದಿನದ ಗೋದಾಮು ಬಾಡಿಗೆ ಮತ್ತು ಡೆಮರೇಜ್ (ಸರಕು ಬಿಡಿಸಲು ತಡವಾದದ್ದಕ್ಕೆ ಹಾಕುವ ಶುಲ್ಕ) ನನ್ನ ಮೇಲೆ ಬಿತ್ತು. ಅದು ಜೂನ್ ತಿಂಗಳು. ಬಿಚ್ಚಿದ ಪೆಟ್ಟಿಗೆಯನ್ನು ಮತ್ತೆ ಸರಿಯಾಗಿ ಮುಚ್ಚಿರಲಿಲ್ಲ. ಆ ಮಳೆಯ ತೇವದಲ್ಲಿ ಹ್ಯಾಂಡಲ್‌ನ ಕ್ರೋಮ್ ಮೇಲೆ ಎದ್ದ ಚುಕ್ಕೆಗಳು ಇವತ್ತಿಗೂ ಹಾಗೆಯೇ ಇವೆ. ಬೆರಳಾಡಿಸಿದರೆ ರವೆಯ ಹಾಗೆ ತಾಗುತ್ತವೆ. ಪ್ರೀತಿಯಿಂದ ಇಟ್ಟ ಒಂದು ನಟ್ಟಾದರೂ ಲಿಸ್ಟಿನಲ್ಲಿ ಬರೆದಿರಲೇಬೇಕು ಎಂದು ನಿಮ್ಮ ಹೊನ್ನಾವರದ ಸ್ನೇಹಿತರಿಗೆ ಮೊದಲೇ ಹೇಳಿಬಿಡಿ.

ಪೆಟ್ಟಿಗೆಯ ಮರದ ಬಗ್ಗೆಯೂ ಒಂದು ಮಾತು. ಕೀಟ ಹರಡದಂತೆ ಶಾಖ ಕೊಟ್ಟು ಸಂಸ್ಕರಿಸಿದ ಮರವೇ ಆಗಿರಬೇಕು, ಅದರ ಮೇಲೆ ಗೋಧಿ ತೆನೆಯ ಚಿತ್ರವಿರುವ ಅಂತರರಾಷ್ಟ್ರೀಯ ಮುದ್ರೆ ಕಾಣಬೇಕು. ಐಎಸ್‌ಪಿಎಂ 15 ಎಂಬ ನಿಯಮವದು. ಮುದ್ರೆಯಿಲ್ಲದ ಹಲಗೆಯಿಂದ ಎಷ್ಟೇ ಚೆಂದದ ಪೆಟ್ಟಿಗೆ ಮಾಡಿದರೂ ಇಲ್ಲಿ ತೊಂದರೆಯೇ.

ಶರಾವತಿ ಅಳಿವೆ, ಹೊನ್ನಾವರ (ಸದ್ಯ ಇಂಗ್ಲೆಂಡ್)

ತೋಟದಮನೆಯವರು ಹೇಳಿದ ಸ್ನೇಹಿತ ನಾನೇ. ಕಾರವಾರದ ಹಿರಿಯರು ಬರೆದದ್ದನ್ನು ಎರಡು ಸಲ ಓದಿದೆ. ಟೈರಿನ ವಿಷಯ ಓದಿದಾಗ ಎದೆ ಧಸಕ್ಕೆಂದಿತು, ಏಕೆಂದರೆ ಒಂದು ಜೊತೆ ಬ್ರೇಕ್ ಶೂ ಮತ್ತು ಕೇಬಲ್ಲುಗಳನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಬೇಕೆಂದು ನಾನೂ ತೆಗೆದಿಟ್ಟಿದ್ದೆ. ಅವು ಲಿಸ್ಟಿನಲ್ಲಿ ಬೆಲೆಯ ಸಮೇತ ಬರುತ್ತವೆ.

ಇಲ್ಲಿಂದ ಗಾಡಿ ನೋಡುವವನಾಗಿ ನಾನು ಏನು ಮಾಡುತ್ತೇನೆ ಎಂಬುದನ್ನು ಬರೆಯುತ್ತೇನೆ; ಬೇರೆಯವರಿಗೂ ಉಪಯೋಗವಾದೀತು. ಇದಕ್ಕೆ ಮೊದಲು ನಿಮಗಾಗಿಯೇ ಇನ್ನೊಂದು ಬಿ31 ನೋಡಿ ಬಂದಿದ್ದೆ. ಫೋಟೋದಲ್ಲಿ ಅದು ಹೊಳೆಯುತ್ತಿತ್ತು. ಇಂಜಿನ್ ನಂಬರ್ ಇರುವುದು ಎಡಗಡೆ, ಸಿಲಿಂಡರಿನ ಬುಡದಲ್ಲಿ. ಮಂಡಿಯೂರಿ ಕುಳಿತು ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿದೆ. ಸುತ್ತಲಿನ ಅಲ್ಯೂಮಿನಿಯಂ ಎರಕದ ತರಿತರಿ ಹಾಗೆಯೇ ಇತ್ತು. ನಂಬರ್ ಇದ್ದ ಬೆರಳಗಲದ ಜಾಗ ಮಾತ್ರ ಅರ ಹಾಕಿ ಉಜ್ಜಿದಂತೆ ನುಣುಪಾಗಿತ್ತು, ತುಸು ತಗ್ಗೂ ಆಗಿತ್ತು. ಅಂಕೆಗಳಲ್ಲಿ ಒಂದು ಆಳವಾಗಿ, ಇನ್ನೊಂದು ಓರೆಯಾಗಿ ಕೂತಿತ್ತು. ಮಾಲೀಕರಿಗೆ ನಮಸ್ಕಾರ ಹೇಳಿ ಬಂದುಬಿಟ್ಟೆ. ಆ ಗಾಡಿ ಕಳವಿನದ್ದು ಎಂದು ನಾನು ಹೇಳುತ್ತಿಲ್ಲ; ಆದರೆ ಉಜ್ಜಿ ಮತ್ತೆ ಹೊಡೆದ ನಂಬರನ್ನು ನಿಮ್ಮ ಕೈಗೆ ಕಳುಹಿಸಲು ನನಗೆ ಮನಸ್ಸಾಗಲಿಲ್ಲ.

ಬಿಎಸ್‌ಎ ವಿಷಯದಲ್ಲಿ ಹಲವರು ಎಡವುವ ಜಾಗವೊಂದಿದೆ. 1950ರ ದಶಕದ ಬಿಎಸ್‌ಎ ಗಾಡಿಗಳಲ್ಲಿ ಇಂಜಿನ್ ನಂಬರ್ ಮತ್ತು ಫ್ರೇಮ್ ನಂಬರ್ ಒಂದೇ ಆಗಿರುವುದಿಲ್ಲ. ಎರಡಕ್ಕೂ ಬೇರೆ ಬೇರೆ ಸರಣಿ. ಎರಡೂ ಒಂದೇ ಇದ್ದರೆ ಅದನ್ನೇ ಅನುಮಾನದಿಂದ ನೋಡಬೇಕು. ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಕಾರ್ಖಾನೆಯಿಂದ ಈ ಜೋಡಿ ಒಟ್ಟಿಗೇ ಹೊರಟಿತೇ ಎಂಬುದು ನಿಜವಾದ ಪ್ರಶ್ನೆ. 1946ರಲ್ಲಿ ಶುರುವಾದ ಇಲ್ಲಿಯ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ ಹಳೆಯ ದಾಖಲೆಗಳನ್ನು ನೋಡಿ ಗಾಡಿಯ ಕಾಲವನ್ನು ಖಚಿತಪಡಿಸುವ ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ ಅರ್ಜಿ ಹಾಕುವುದು ನನ್ನ ಕೆಲಸ. ಕ್ಲಬ್ಬಿನ ಸದಸ್ಯರು ಹಿರಿಯರು, ಬಹಳ ತಾಳ್ಮೆಯವರು. ಒಂದು ನಟ್ಟಿನ ಅಳತೆ ಕೇಳಿದರೂ ಎರಡು ಪುಟ ಉತ್ತರ ಬರೆಯುತ್ತಾರೆ. ಅವರಲ್ಲೊಬ್ಬರು ನನ್ನ ಜೊತೆ ಬರಲು ಒಪ್ಪಿದ್ದಾರೆ.

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ಗೊತ್ತಿರಲಿ. ಎರಡನೇ ಮಹಾಯುದ್ಧದ ನಂತರ ಸೈನ್ಯದ ಬಿಎಸ್‌ಎ ಎಂ20, ನಾರ್ಟನ್ 16ಎಚ್‌ಗಳು ನಮ್ಮ ದೇಶದಲ್ಲಿ ಹರಾಜಿಗೆ ಬಂದವು. ಅವುಗಳಲ್ಲಿ ಎಷ್ಟೋ ಗಾಡಿಗಳನ್ನು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿ ಇಲ್ಲಿಯ ಭಾಗ ಸೇರಿಸಿ ಜೋಡಿಸಿ ಇಂಗ್ಲೆಂಡಿಗೆ ಮಾರಿದ್ದಾರೆ. ಹಾಗೆ ಬಂದವುಗಳ ಗುಣಮಟ್ಟದ ಬಗ್ಗೆ ಇಲ್ಲಿ ಇಂದಿಗೂ ಒಳ್ಳೆಯ ಮಾತಿಲ್ಲ. ಅಂಥದ್ದೊಂದನ್ನು ದುಬಾರಿ ಬೆಲೆ ಕೊಟ್ಟು, ಸುಂಕ ತೆತ್ತು ಮತ್ತೆ ಊರಿಗೆ ತರಿಸಿಕೊಳ್ಳುವಂತಾಗಬಾರದು.

ನೋಡಲು ಹೋಗುವ ದಿನ ಇಂಜಿನ್ನನ್ನು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಡಬೇಡಿ ಎಂದು ಮಾಲೀಕರನ್ನು ವಿನಂತಿಸಿದ್ದೇನೆ. ಹೋದ ಕೂಡಲೇ ಸಿಲಿಂಡರಿನ ರೆಕ್ಕೆ ಮುಟ್ಟಿ ನೋಡುತ್ತೇನೆ. ತಣ್ಣಗಿನ ಇಂಜಿನ್ ಎಷ್ಟು ಕಿಕ್ಕಿಗೆ ಎದ್ದಿತು, ಹೊಗೆಯ ಬಣ್ಣ ಏನು, ನಿಂತ ಜಾಗದಲ್ಲಿ ಆಯಿಲ್ ಎಲ್ಲಿಂದ ತೊಟ್ಟಿಕ್ಕಿತು ಎಂಬುದನ್ನೆಲ್ಲ ವಿಡಿಯೋ ಮಾಡಿ ಕಳುಹಿಸುತ್ತೇನೆ. ನಂಬರುಗಳಿಗೆ ಮಾತ್ರ ಫೋಟೋ ಸಾಲದು. ನಮ್ಮೂರ ಆರ್‌ಟಿಓ ಕಚೇರಿಯ ಮುಂದೆ ಪೆನ್ಸಿಲ್ ಉಜ್ಜಿ ಟೇಪು ಅಂಟಿಸಿ ಚಾಸಿ ಪ್ರಿಂಟ್ ತೆಗೆಯುತ್ತಾರಲ್ಲ, ಅದೇ ರೀತಿ ಎರಡೂ ನಂಬರುಗಳ ಅಚ್ಚು ತೆಗೆದು ಕಾಗದದ ಮೇಲೆ ಅಂಟಿಸಿ ಕೊರಿಯರ್ ಮಾಡುತ್ತೇನೆ. ಪೆನ್ಸಿಲ್ ಅಚ್ಚಿನಲ್ಲಿ ಅರದ ಗೆರೆಯೂ ಕಾಣುತ್ತದೆ.

ಹಣದ ವಿಷಯದಲ್ಲಿ ನನ್ನದೊಂದು ಒತ್ತಾಯ. ದಯವಿಟ್ಟು ಅದನ್ನು ನನ್ನ ಖಾತೆಗೆ ಹಾಕಬೇಡಿ. ನಿಮ್ಮ ಬ್ಯಾಂಕಿನಿಂದ ನೇರವಾಗಿ ಮಾಲೀಕರ ಖಾತೆಗೆ ಹೋಗಲಿ. ಇನ್‌ವಾಯ್ಸ್‌ನಲ್ಲಿ ಮಾರಿದವರು ಅವರು, ಕೊಂಡವರು ನೀವು ಎಂದಿದ್ದು, ಹಣ ಮಾತ್ರ ಮೂರನೆಯವನಾದ ನನ್ನ ಮೂಲಕ ಹೋದರೆ ನಾಳೆ ಬೆಲೆಯ ಬಗ್ಗೆ ಪ್ರಶ್ನೆ ಬಂದಾಗ ಉತ್ತರಿಸುವುದು ಕಷ್ಟ. ನಮ್ಮ ಸ್ನೇಹಕ್ಕೂ ಅದೇ ಒಳ್ಳೆಯದು. ಹಣ ಸೇರಿದ ದಿನ ಮಾಲೀಕರು ವಿ5ಸಿಯಲ್ಲಿರುವ ರಫ್ತಿನ ಭಾಗವನ್ನು ತುಂಬಿ, ಹರಿದು ಇಲ್ಲಿಯ ವಾಹನ ನೋಂದಣಿ ಸಂಸ್ಥೆಗೆ ಕಳುಹಿಸುತ್ತಾರೆ. ಉಳಿದ ಮೂಲ ಪುಸ್ತಕ ನಿಮ್ಮ ಕೈ ಸೇರಬೇಕು. ಅದನ್ನು ಪೆಟ್ಟಿಗೆಯೊಳಗೆ ಇಡುವುದಿಲ್ಲ, ಬೇರೆಯಾಗಿ ಕಳುಹಿಸುತ್ತೇನೆ.

ಪಾನಾ ಪೆಟ್ಟಿಗೆ, ಕುಮಟಾ

ಕಾಗದಪತ್ರದ ವಿಷಯ ಬಲ್ಲವರು ಹೇಳಿದ್ದಾರೆ. ನಾನು ಮೂವತ್ತು ವರ್ಷಗಳಿಂದ ಜಾವಾ, ಯೆಜ್ಡಿ, ಹಳೆಯ ಬುಲೆಟ್ ಮತ್ತು ಒಂದೆರಡು ಬಿಎಸ್‌ಎ ಗಾಡಿಗಳ ಕೆಲಸ ಮಾಡಿದವನು. ಪೆಟ್ಟಿಗೆ ಬಂದ ಮೇಲಿನ ಮಾತು ನನ್ನದು.

ಅದಕ್ಕೂ ಮೊದಲು ಒಂದು ಸಲಹೆ. ಇಡೀ ಗಾಡಿಗೆ ಅಷ್ಟೊಂದು ಸುಂಕ ಕೊಡುವ ಮುನ್ನ ಗೋವೆಯಲ್ಲಿ ಒಮ್ಮೆ ವಿಚಾರಿಸಿದಿರಾ? 1961ರ ಡಿಸೆಂಬರ್‌ವರೆಗೆ ಅಲ್ಲಿ ಪೋರ್ಚುಗೀಸರ ಆಡಳಿತವಿದ್ದು, ನಮ್ಮ ಕಡೆ ಇದ್ದ ಆಮದು ನಿರ್ಬಂಧ ಅಲ್ಲಿರಲಿಲ್ಲ. ವಿದೇಶಿ ಗಾಡಿಗಳು ಸಲೀಸಾಗಿ ಬಂದಿಳಿದವು. ಕಾಣಕೋಣ, ಮಡಗಾಂವ ಕಡೆಯ ಹಳೆಯ ಮನೆಗಳಲ್ಲಿ ಅಂಥವು ಈಗಲೂ ಇವೆ. ಬಿ31 ಸಿಗುತ್ತದೆಂದು ಭರವಸೆ ಕೊಡಲಾರೆ, ಸಿಕ್ಕರೂ ಕಾಗದ ಸರಿಯಿರುವುದು ಅಪರೂಪ. ಆದರೂ ಕಾರವಾರ ದಾಟಿದರೆ ಗೋವೆ. ಎರಡು ದಿನ ತಿರುಗಿ ಬಂದರೆ ನಷ್ಟವಿಲ್ಲ.

ಇಂಗ್ಲೆಂಡಿನದ್ದೇ ಎಂದು ತೀರ್ಮಾನವಾದರೆ, ಅಲ್ಲಿಂದ ಹೊರಡುವಾಗ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಬ್ಯಾಟರಿ ಬಿಚ್ಚಿ, ಆಯಿಲ್ ಇಳಿಸಿಯೇ ಕಳುಹಿಸುತ್ತಾರೆ. ಹಾಗಾಗಿ ಪೆಟ್ಟಿಗೆ ಬಿಚ್ಚಿದ ಖುಷಿಯಲ್ಲಿ ಯಾರೂ ಕಿಕ್ ಹೊಡೆಯಬಾರದು. ಇದು ಡ್ರೈ ಸಂಪ್ ಇಂಜಿನ್. ಆಯಿಲ್ ಬೇರೆ ಟ್ಯಾಂಕಿನಲ್ಲಿದ್ದು, ಪಂಪು ಅದನ್ನು ಇಂಜಿನ್ನಿಗೆ ಕಳುಹಿಸಿ ಮತ್ತೆ ಟ್ಯಾಂಕಿಗೆ ಎಳೆದುಕೊಳ್ಳುತ್ತದೆ. ಹೊಸ ಆಯಿಲ್ ಹಾಕಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಿಕ್ಕರನ್ನು ಕೈಯಿಂದ ನಿಧಾನವಾಗಿ ಇಪ್ಪತ್ತು ಮೂವತ್ತು ಸಲ ಒತ್ತಿ. ಆಮೇಲೆ ಪ್ಲಗ್ ಹಾಕಿ ಚಾಲೂ ಮಾಡಿ ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿ. ಒಳಗಿನ ಸಣ್ಣ ನಳಿಗೆಯಿಂದ ಆಯಿಲ್ ಉಗುಳಿ ಉಗುಳಿ ಮರಳಿ ಬೀಳುವುದು ಕಾಣಬೇಕು. ಒಂದು ನಿಮಿಷದೊಳಗೆ ಕಾಣದಿದ್ದರೆ ಕೂಡಲೇ ಬಂದ್ ಮಾಡಿ ನನಗೆ ಫೋನ್ ಮಾಡಿ. ಓಡುತ್ತಿರುವ ಗಾಡಿಯನ್ನು ಮಳೆಗಾಲ ಪೂರ್ತಿ ನಿಲ್ಲಿಸಿಟ್ಟರೆ ಇದಕ್ಕೆ ತಿರುವುಮುರುವು ತೊಂದರೆ ಬರುತ್ತದೆ: ಟ್ಯಾಂಕಿನ ಆಯಿಲ್ ಪಂಪಿನ ಮೂಲಕ ಸೋರಿ ಕೆಳಗಿನ ಕ್ರ್ಯಾಂಕ್‌ಕೇಸ್ ತುಂಬಿಕೊಳ್ಳುತ್ತದೆ. ದೀಪಾವಳಿಗೆ ಹೊರತೆಗೆಯುವಾಗ ಮೊದಲು ಕೆಳಗಿನದನ್ನು ಇಳಿಸಿಕೊಳ್ಳಬೇಕು.

ಪ್ಲಗ್ಗಿಗೆ ಕಿಡಿಯನ್ನೂ ದೀಪಕ್ಕೆ ಕರೆಂಟನ್ನೂ ಕೊಡುವ ಲೂಕಾಸ್ ಮ್ಯಾಗ್‌ಡೈನೋ ಬಗ್ಗೆ ಇಂಗ್ಲೆಂಡಿನವರೇ ನೋಡಲಿ. ಗಾಡಿ ತಣ್ಣಗಿದ್ದಾಗ ಎದ್ದು, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಏಳದಿದ್ದರೆ, ಒಳಗಿನ ಸುರುಳಿಯೋ ಕಂಡೆನ್ಸರೋ ಸತ್ತಿದೆ ಎಂದರ್ಥ. ಹಳೆಯ ಸುರುಳಿಗೆ ಬಳಿದ ಅರಗು ಬಿಸಿಗೆ ಕರಗಿ ಅಂಟಂಟಾಗುತ್ತದೆ, ನಮ್ಮ ಸೆಕೆಯಲ್ಲಂತೂ ಬೇಗ. ಸುರುಳಿ ಸುತ್ತಿಕೊಡುವ ಪಳಗಿದ ಕೈಗಳು ಅಲ್ಲಿ ಇವೆ. ಆ ಕೆಲಸವನ್ನು ಅಲ್ಲೇ ಮಾಡಿಸಿ ಕಳುಹಿಸಿದರೆ ಒಳ್ಳೆಯದು. ಆದ್ದರಿಂದ ಹೊನ್ನಾವರದ ತಮ್ಮ, ತಣ್ಣಗಿನ ಚಾಲೂ ನೋಡಿದ ಮೇಲೆ ಬಿಸಿ ಇಂಜಿನ್ನನ್ನು ಬಂದ್ ಮಾಡಿ ಮತ್ತೆ ಎಬ್ಬಿಸಿ ನೋಡುವುದನ್ನು ಮರೆಯಬೇಡಪ್ಪ.

ಇಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಆ ಕಾಲದ ರಬ್ಬರ್ ಕೊಳವೆ, ಪೆಟ್ರೋಲ್ ಕೊಕ್ಕಿನ (ಟ್ಯಾಂಕಿನ ನಲ್ಲಿಯ) ಬೂಚು, ಟ್ಯಾಂಕಿನ ಒಳಗೆ ಬಳಿದ ಲೇಪ ಯಾವುದೂ ಅದನ್ನು ತಡೆಯುವುದಿಲ್ಲ. ಜೊತೆಗೆ ಎಥೆನಾಲ್ ನೀರನ್ನು ಹೀರುತ್ತದೆ, ಕರಾವಳಿಯ ಗಾಳಿಯಲ್ಲಿ ನೀರಿಗೆ ಬರವಿಲ್ಲ. ಓಡಿಸಿ ಬಂದ ಸಂಜೆ ಕೊಕ್ಕು ಮುಚ್ಚಿ ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಇಂಜಿನ್ ಓಡಿಸಿ ನಿಲ್ಲಿಸಿ. ತಿಂಗಳುಗಟ್ಟಲೆ ಇಡುವುದಾದರೆ ಟ್ಯಾಂಕನ್ನೇ ಖಾಲಿ ಮಾಡಿ.

ಕೊನೆಯದಾಗಿ, ಅಟ್ಟದ ಮೇಲಿನ ಆ ಆರು ಪಾನಾಗಳನ್ನು ದಯವಿಟ್ಟು ಯಾರಿಗೂ ಕೊಡಬೇಡಿ. ಅವು ಇಂಗ್ಲೆಂಡಿನ ಹಳೆಯ ವಿಟ್‌ವರ್ತ್ ಅಳತೆಯವು ಆಗಿರಲೇಬೇಕು. ಇಂದಿನ ಮಿಲಿಮೀಟರ್ ನಟ್ಟಿಗೆ ಅವು ಕೂರದಿರುವುದು ಅದಕ್ಕೇ. ಈ ಬಿ31 ಪೂರ್ತಿ ಅಂಥ ನಟ್ಟುಗಳಿಂದಲೇ ಜೋಡಿಸಿದ್ದು. ಮಿಲಿಮೀಟರ್ ಪಾನಾ ಹಾಕಿದರೆ ನಟ್ಟಿನ ಮೂಲೆ ಸವೆದು ಹೋಗುತ್ತದೆ.

ತೋಟದಮನೆ, ಶಿರಸಿ

ಮೂವರಿಗೂ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ನಿಮ್ಮ ಪತ್ರಗಳನ್ನು ಮನೆಯಲ್ಲಿ ಎಲ್ಲರೆದುರು ಓದಿದೆ. ದಿನಾ ಓಡಿಸುವಂತಿಲ್ಲ ಎಂದು ಕೇಳಿ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಅಂಗಳದಲ್ಲಿ ನಿಂತಿದ್ದರೂ ಆದೀತು, ತರಿಸು ಎಂದರು. ಗೋಣಿ ಬಿಚ್ಚಿ ಪಾನಾಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆವು. ತುಕ್ಕಿನಡಿ ಅಕ್ಷರ ಕಾಣಿಸಿತು: ಐದರ ಮೇಲೆ ವಿಟ್‌ವರ್ತ್ ಅಳತೆಯೇ ಇದೆ.

ಹೊನ್ನಾವರದ ಅಣ್ಣ ಕಳೆದ ಭಾನುವಾರ ಗಾಡಿ ನೋಡಿ ಬಂದಿದ್ದಾರೆ. ತಣ್ಣಗಿದ್ದಾಗ ಮೂರನೇ ಕಿಕ್ಕಿಗೆ ಎದ್ದಿತಂತೆ, ಬಿಸಿಯಿದ್ದಾಗ ಒಂದೇ ಕಿಕ್ಕಿಗೆ. ಪೆನ್ಸಿಲ್ ಅಚ್ಚು ಕೈ ಸೇರಿದೆ, ಅಂಕೆಗಳು ಸ್ವಚ್ಛವಾಗಿವೆ. ಆದರೆ ಒಂದು ವ್ಯತ್ಯಾಸ ಕಂಡಿದೆ. ಇಂಜಿನ್ ಮೇಲೆ ಅಂಕೆಗಳಿಗೆ ಮೊದಲು ಮಾದರಿ ಸೂಚಿಸುವ ಅಕ್ಷರಗಳಿವೆ. ವಿ5ಸಿಯಲ್ಲಿ ಆ ಅಕ್ಷರಗಳಿಲ್ಲದೆ ಅಂಕೆಗಳಷ್ಟೇ ಇವೆ. ಫ್ರೇಮ್ ನಂಬರ್ ಪೂರ್ತಿ ತಾಳೆಯಾಗುತ್ತದೆ. ಮಾಲೀಕರು ಇದು ದೊಡ್ಡ ವಿಷಯವಲ್ಲ, ಅಲ್ಲಿ ಎಷ್ಟೋ ಗಾಡಿಗಳಿಗೆ ಹೀಗೇ ಇರುತ್ತದೆ ಎನ್ನುತ್ತಾರೆ. ಹೀಗೆಯೇ ಮುಂದುವರಿಯಬಹುದೇ?

ಕಾಳಿ ದಂಡೆ, ಕಾರವಾರ

ಮುಂದುವರಿಯಬೇಡಿ. ಮಾಲೀಕರು ಸುಳ್ಳು ಹೇಳುತ್ತಿಲ್ಲ, ಅಲ್ಲಿ ಅದು ನಿಜಕ್ಕೂ ಸಣ್ಣ ವಿಷಯ. ಆದರೆ ಮುಂಬೈಯಲ್ಲಿ ಗಾಡಿ ಪರೀಕ್ಷಿಸುವವರು ಇಂಜಿನ್ ಮೇಲೆ ಕಂಡದ್ದನ್ನು ಕಾಗದದಲ್ಲಿ ಹುಡುಕುತ್ತಾರೆ. ಬಿಲ್ ಆಫ್ ಎಂಟ್ರಿಯಲ್ಲಿ ಒಂದು ರೀತಿ, ವಿ5ಸಿಯಲ್ಲಿ ಒಂದು ರೀತಿ ಇದ್ದರೆ ಅದೇ ತಕರಾರು ಮುಂದೆ ವಿಎ ನೋಂದಣಿಯ ಪರಿಶೀಲನೆಯಲ್ಲೂ ಎದುರಾಗುತ್ತದೆ. ವಿ5ಸಿಯ ತಪ್ಪನ್ನು ತಿದ್ದಿಸುವ ಅಧಿಕಾರ ಅಲ್ಲಿಯ ನೋಂದಾಯಿತ ಮಾಲೀಕರಿಗೆ ಇದೆ. ಗಾಡಿ ರಫ್ತಾಯಿತು ಎಂದು ದಾಖಲಾದ ಮೇಲೆ ಅವರಿಗೂ ನಿಮಗೂ ಅದು ಸುಲಭವಲ್ಲ. ಹಾಗಾಗಿ ಪೆನ್ಸಿಲ್ ಅಚ್ಚಿನ ಪ್ರತಿಯನ್ನೂ ಕ್ಲಬ್ಬಿನ ಪ್ರಮಾಣಪತ್ರವನ್ನೂ ಲಗತ್ತಿಸಿ ಇಂಜಿನ್ ನಂಬರನ್ನು ಅಕ್ಷರ ಸಮೇತ ಸರಿಪಡಿಸಿಕೊಡಲು ಅವರನ್ನು ಕೇಳಿಕೊಳ್ಳಿ. ಹಿರಿಯರು ಒಪ್ಪಿಯೇ ಒಪ್ಪುತ್ತಾರೆ. ಹಣ ತಿದ್ದಿದ ವಿ5ಸಿ ಬಂದ ಮೇಲೆ ಹೋಗಲಿ.

ಇದರಿಂದ ಕೆಲವು ವಾರ ತಡವಾಗುತ್ತದೆ. ಆಗಲಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದ ತೊಂದರೆ ಶುರುವಾದಂದಿನಿಂದ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಬರುವುದುಂಟು, ಬರುವ ದಿನವನ್ನು ಏಜೆಂಟರು ಹೇಳಿದಂತೆ ನಂಬಿ ಕೂರಲಾಗುವುದಿಲ್ಲ. ಪೆಟ್ಟಿಗೆ ಮುಂಬೈ ಮುಟ್ಟುವುದು ಅಕ್ಟೋಬರ್ ನಂತರವೇ ಆಗುವಂತೆ ಹಡಗು ಗೊತ್ತು ಮಾಡಿಸಿ. ಮಳೆ ಕಳೆದಿರುತ್ತದೆ, ಮುಂಬೈಯಿಂದ ಹೆದ್ದಾರಿ 66ರಲ್ಲಿ ಲಾರಿ ಬರುವುದಕ್ಕೂ ಘಟ್ಟ ಹತ್ತುವುದಕ್ಕೂ ದಾರಿ ಸರಿಯಿರುತ್ತದೆ. ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟಿನ ಕರಡು ಸಿದ್ಧವಾದ ಕೂಡಲೇ, ಬ್ರೇಕ್ ಶೂ ಕೇಬಲ್ಲುಗಳನ್ನೂ ಸೇರಿಸಿ, ನನಗೆ ಕಳುಹಿಸಿಕೊಡಿ. ಸಾಲು ಸಾಲು ಓದಿ ತಿದ್ದಿ ಮರುದಿನವೇ ಹಿಂದಿರುಗಿಸುತ್ತೇನೆ.